ಮೊದಲ ಲೆಕ್ಕವನ್ನು ನಂಬಬೇಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರಗಳು. ನಾನು ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಮಗಳು ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಅವಳ ಅಪಾರ್ ಐಡಿ (ವಿದ್ಯಾರ್ಥಿ ಗುರುತಿನ ಸಂಖ್ಯೆ) ಮಾಡಿಸುವಾಗ, ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಇಲಾಖೆ ಮಕ್ಕಳ ವಿವರ ತುಂಬಿಸಿಡುವ ಸ್ಯಾಟ್ಸ್‌ನಲ್ಲಿ ಮುಂದೆ ಅಂತ ಮೂರು ಸಲ ಓಡಾಡಿದೆ. ಮೂರನೇ ಸಲ ಹೆಡ್‌ಮೇಷ್ಟ್ರು ಪಕ್ಕದಲ್ಲೇ ಕೂರಿಸಿಕೊಂಡು ಸ್ಯಾಟ್ಸ್ ಸ್ಕ್ರೀನ್ ತೋರಿಸಿದರು. ಜಾತಿ, ಬಿಪಿಎಲ್ ಕಾರ್ಡು, ಭಾಗ್ಯಲಕ್ಷ್ಮಿ ಬಾಂಡು, ಅಂಗವಿಕಲತೆ, ಎಲ್ಲಕ್ಕೂ ಒಂದೊಂದು ಖಾನೆ. ಪಾಸ್‌ವರ್ಡ್ ಬರೆದ ಚೀಟಿ ಬೀರುವಿನ ಬಾಗಿಲ ಒಳಗೆ ಅಂಟಿಸಿತ್ತು.

ಮೇಷ್ಟ್ರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬಿಸಿಯೂಟ, ಮೊಟ್ಟೆ ಲೆಕ್ಕ, ಪಾಠ ಎಲ್ಲ ಅವರ ತಲೆ ಮೇಲೇ ಇದೆ. ಆದರೆ ಆ ಚೀಟಿ ನೋಡಿದಾಗಿನಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಇದನ್ನೆಲ್ಲ ಯಾರಾದರೂ ಕದ್ದರೆ, ಏನೇನು ಹೋಯಿತು ಅಂತ ಲೆಕ್ಕ ಹಾಕುವವರು ಯಾರು?

ಅಮೆರಿಕದವರು ಈ ಲೆಕ್ಕದಲ್ಲಿ ಪೆಟ್ಟು ತಿಂದಿದ್ದಾರೆ. ಅಲ್ಲಿ ಸರ್ಕಾರಿ ಶಾಲೆಗಳನ್ನು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ನಡೆಸುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ, ಲೇಬರ್ ಡೇ ರಜೆಯ ವಾರಾಂತ್ಯದಲ್ಲಿ, ಲಾಸ್ ಏಂಜಲೀಸ್ ಡಿಸ್ಟ್ರಿಕ್ಟ್ ಮೇಲೆ ರಾನ್ಸಮ್‌ವೇರ್ ದಾಳಿ (ಕಂಪ್ಯೂಟರ್‌ಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವುದು) ಆಯಿತು. ಕಳ್ಳರು ರಜೆ ನೋಡಿಕೊಂಡೇ ಬರುತ್ತಾರೆ, ನಮ್ಮೂರಲ್ಲೂ ಹಾಗೇ ಅಲ್ವಾ? ಮಂಗಳವಾರ ಶಾಲೆಗಳೇನೋ ತೆರೆದವು. 5 ಲಕ್ಷಕ್ಕೂ ಜಾಸ್ತಿ ಮಕ್ಕಳು ಪಾಸ್‌ವರ್ಡ್ ಬದಲಿಸಬೇಕಾಯಿತು, ಅದೂ ಶಾಲೆಗೇ ಬಂದು. ಕೇಳಿದ ಹಣ ಕೊಡುವುದಿಲ್ಲ ಎಂದು ಡಿಸ್ಟ್ರಿಕ್ಟ್ ಹೇಳಿತು. ವೈಸ್ ಸೊಸೈಟಿ ಎಂಬ ಗುಂಪು ಅಕ್ಟೋಬರ್ ಶುರುವಿನಲ್ಲಿ ಕದ್ದ ಕಡತಗಳನ್ನು ಇಂಟರ್ನೆಟ್‌ಗೆ ಸುರಿಯಿತು.

ನಾನು ಹೇಳಬೇಕಾಗಿರುವುದು ಅದಾದ ಮೇಲಿನದು. ಮಕ್ಕಳ ಮಾನಸಿಕ ಪರೀಕ್ಷೆಯ ವರದಿಗಳು ಹೊರಬಿದ್ದಿವೆ ಎಂಬ ಸುದ್ದಿ ಬಂದಾಗ, ಅಂಥದ್ದೇನೂ ಕಂಡಿಲ್ಲ ಎಂದು ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾಗಿದ್ದ ಸೂಪರಿಂಟೆಂಡೆಂಟ್ ಅಲ್ಬರ್ಟೊ ಕಾರ್ವಾಲೊ ಹೇಳಿದರು. ತಾಯ್ತಂದೆಯರು ಸಮಾಧಾನದ ಉಸಿರು ಬಿಟ್ಟರು. 2023ರ ಫೆಬ್ರವರಿಯಲ್ಲಿ, ಪತ್ರಕರ್ತರು ಹುಡುಕಿ ತೆಗೆದ ಮೇಲೆ, ಡಿಸ್ಟ್ರಿಕ್ಟ್ ಒಪ್ಪಿಕೊಂಡಿತು: ಸುಮಾರು 2,000 ವಿದ್ಯಾರ್ಥಿಗಳ ವರದಿಗಳು ಹೊರಬಿದ್ದಿದ್ದವು. ಅವರಲ್ಲಿ ಇನ್ನೂ ಶಾಲೆಯಲ್ಲಿ ಓದುತ್ತಿದ್ದವರು ಸುಮಾರು 60. ಉಳಿದವರು ಹಿಂದೆ ಅಲ್ಲಿ ಓದಿ ಹೋದವರು. ಚಿಕ್ಕಂದಿನಲ್ಲಿ ಯಾರೋ ಬರೆದ "ಈ ಮಗುವಿಗೆ ಇಂಥ ತೊಂದರೆ" ಎಂಬ ಹಾಳೆ, ವರ್ಷಗಳ ಮೇಲೆ ಕಂಡವರ ಕೈಗೆ ಸಿಕ್ಕಿತು.

ಮಿನಿಯಾಪೊಲಿಸ್ ಶಾಲೆಗಳ ಮೇಲೆ 2023ರಲ್ಲಿ ದಾಳಿ ಆದಾಗ ಡಿಸ್ಟ್ರಿಕ್ಟ್ ಅದನ್ನು "ಎನ್‌ಕ್ರಿಪ್ಶನ್ ಈವೆಂಟ್" (ಕಡತಗಳಿಗೆ ಬೀಗ ಬಿದ್ದ ಘಟನೆ) ಎಂದು ಕರೆಯಿತು. ಏನೋ ಸಮಾರಂಭ ಇದ್ದ ಹಾಗೆ! ಅಲ್ಲಿಯೂ ಹಣ ಕೊಡಲಿಲ್ಲ, ಕಡತಗಳು ಹೊರಬಂದವು. 1 ಲಕ್ಷಕ್ಕೂ ಹೆಚ್ಚು ಜನರಿಗೆ "ನಿಮ್ಮ ಮಾಹಿತಿಯೂ ಹೋಗಿದೆ" ಎಂಬ ಪತ್ರ ಹೋಗುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು.

ಹಾಗಾದರೆ ಹಣ ಕೊಟ್ಟವರು ಬಚಾವಾದರಾ? ಶಾಲೆಗಳಿಗೆ ಸಾಫ್ಟ್‌ವೇರ್ ಕೊಡುವ ಪವರ್‌ಸ್ಕೂಲ್ ಕಂಪನಿಗೆ 2024ರ ಡಿಸೆಂಬರ್‌ನಲ್ಲಿ ಕನ್ನ ಬಿತ್ತು. ಕದ್ದ ಒಂದು ಪಾಸ್‌ವರ್ಡ್ ಸಾಕಾಯಿತು. ಕಂಪನಿ ಹಣ ಕೊಟ್ಟಿತು. ಕಳ್ಳರು ಡೇಟಾ ಅಳಿಸುತ್ತಿರುವ ವಿಡಿಯೊವನ್ನೂ ತೋರಿಸಿದರು. ಮುಂದಿನ ಮೇ ಹೊತ್ತಿಗೆ ಅದೇ ಡೇಟಾ ಹಿಡಿದುಕೊಂಡು ಶಾಲಾ ಮಂಡಳಿಗಳಿಗೇ ಬೆದರಿಕೆ ಬಂತು. ಕೆನಡಾದ ಟೊರೊಂಟೊ ಶಾಲೆಗಳಲ್ಲಂತೂ 1985ರಷ್ಟು ಹಳೆಯ ಮಾಹಿತಿ ಹೋಗಿತ್ತು. ಪವರ್‌ಸ್ಕೂಲ್ ಕನ್ನದಲ್ಲಿ ತಪ್ಪೊಪ್ಪಿಕೊಂಡವನು 19 ವರ್ಷದ ಕಾಲೇಜು ಹುಡುಗ.

ರೊಕ್ಕದ ಲೆಕ್ಕ ಇದಕ್ಕಿಂತ ಸುಲಭ. ಬಾಲ್ಟಿಮೋರ್ ಕೌಂಟಿ ಶಾಲೆಗಳಿಗೆ 2020ರ ದಾಳಿಯಿಂದ ತಗುಲಿದ ಖರ್ಚು ಹತ್ತಿರ ಹತ್ತಿರ 1 ಕೋಟಿ ಡಾಲರ್. ಸರ್ಕಾರದ ಲೆಕ್ಕ ನೋಡುವ ನಮ್ಮ ಸಿಎಜಿ ತರಹದ ಅಲ್ಲಿನ ಜಿಎಒ 2022ರಲ್ಲಿ ಹೇಳಿದ್ದು ಇಷ್ಟು: ಪಾಠ ನಿಲ್ಲುವುದು 3 ದಿನದಿಂದ 3 ವಾರ, ಸುಧಾರಿಸಿಕೊಳ್ಳಲು 2ರಿಂದ 9 ತಿಂಗಳು. ಸರಿ, ಇವಕ್ಕೆ ಬಿಲ್ಲು, ಕ್ಯಾಲೆಂಡರ್ ಇವೆ. ಒಂದು ಮಗುವಿನ ಗುಟ್ಟಿಗೆ ಯಾವ ಬಿಲ್ಲು ಹಚ್ಚುತ್ತೀರಿ?

ಅದು ಅಮೆರಿಕ, ನಮಗೇಕೆ ಅಂತ ಅಧಿಕಾರಿಗಳು ಹೇಳಬಹುದು. ಶಾಲಾ ಪಾಠಗಳಿಗೆಂದು ಕೇಂದ್ರ ಸರ್ಕಾರ ತಂದ ದೀಕ್ಷಾ ಆ್ಯಪ್‌ನ ಡೇಟಾ ಬೀಗವಿಲ್ಲದ ಸರ್ವರ್‌ನಲ್ಲಿ ಬಿದ್ದಿತ್ತು ಎಂದು 2023ರ ಜನವರಿಯಲ್ಲಿ ವರದಿ ಬಂತು. 10 ಲಕ್ಷಕ್ಕೂ ಜಾಸ್ತಿ ಶಿಕ್ಷಕರು, 6 ಲಕ್ಷದ ಹತ್ತಿರ ಮಕ್ಕಳು. ಅದಕ್ಕೆ ದಾಳಿಯೂ ಬೇಕಾಗಿರಲಿಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ, ನಿಜ. ಆದರೆ ಆ ದಂಡ ಸೇರುವುದು ಕೇಂದ್ರದ ಖಜಾನೆಗೆ. ಮಗುವಿಗೆ ನಯಾಪೈಸೆ ಇಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಸ್ಯಾಟ್ಸ್‌ನಲ್ಲಿ ಯಾವ ಖಾನೆ ಯಾಕಿದೆ, ಮಗು ಶಾಲೆ ಬಿಟ್ಟ ಎಷ್ಟು ವರ್ಷಕ್ಕೆ ಅದನ್ನು ಅಳಿಸುತ್ತೀರಿ ಎಂದು ಕನ್ನಡದಲ್ಲಿ ಬರೆದು ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿಸಿ. ಬೇಡದ ಖಾನೆಗಳನ್ನು ತೆಗೆಯಿರಿ, ಇಲ್ಲದ್ದನ್ನು ಯಾರೂ ಕದಿಯಲಾರರು. ನಾಳೆ ಅನಾಹುತ ಆದರೆ, ಇಲಾಖೆ ತನ್ನ ನಷ್ಟದ ಲೆಕ್ಕವನ್ನು ತಾನೇ ಹಾಕಬಾರದು. ಹೊರಗಿನವರು ಹಾಕಲಿ, ಅದರಲ್ಲಿ ಪಾಲಕರೂ ಇರಲಿ. ಮತ್ತೆ ಮೊದಲ ದಿನವೇ "ಯಾರ ಮಾಹಿತಿಯೂ ಹೋಗಿಲ್ಲ" ಎಂದು ದಯವಿಟ್ಟು ಹೇಳಬೇಡಿ. "ನೋಡುತ್ತಿದ್ದೇವೆ, ಇನ್ನೂ ಗೊತ್ತಿಲ್ಲ" ಎಂದರೆ ನಮಗೆ ಸಿಟ್ಟು ಬರಬಹುದು, ಆದರೂ ನಂಬುತ್ತೇವೆ.

ಆ ಚೀಟಿಯನ್ನು ಕಿತ್ತುಹಾಕಿ ಎಂದು ಮೇಷ್ಟ್ರಿಗೆ ಹೇಳಿದೆ. ಕಿತ್ತರು. ಮರುವಾರ ಅವರು ಟ್ರೈನಿಂಗ್‌ಗೆ ಹೋದಾಗ ಯಾರಿಗೂ ಲಾಗಿನ್ ಆಗಲಿಲ್ಲ. ಈಗ ಚೀಟಿ ಮತ್ತೆ ಅಲ್ಲೇ ಇದೆ. ಶಾಲೆಗೊಬ್ಬರು ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೊಟ್ಟರೆ, ಅದನ್ನು ನಾನೇ ಹೋಗಿ ತೆಗೆದು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಎಸ್‌ಡಿಎಂಸಿ ಸದಸ್ಯ