ಒಂದು ಮಳೆಗಾಲ ದಾಟಿದ ಮೇಲೆ ಗಿಡ ನಂಬಿ

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡಿನಲ್ಲಿ ಹೊಸ ಬಗೆಯ ಹೂಗಿಡಗಳು ಸಾಯುವುದು ಹೆಚ್ಚಾಗಿ ಏಪ್ರಿಲಿನ ಬಿಸಿಲಿಗಲ್ಲ, ಆಟಿಯ (ಜುಲೈ–ಆಗಸ್ಟ್) ಮಳೆಗೆ. ಮರುಭೂಮಿ ಗುಲಾಬಿ ಎನ್ನುವ ಅಡೀನಿಯಂ ಎಷ್ಟೇ ಸೆಕೆಯನ್ನೂ ತಾಳುತ್ತದೆ; ಬುಡದಲ್ಲಿ ನೀರು ನಿಂತರೆ ವಾರದೊಳಗೆ ಗೆಡ್ಡೆ ಮೆತ್ತಗಾಗಿ ಕೊಳೆಯುತ್ತದೆ. ಲ್ಯಾವೆಂಡರಿಗೆ ರಾತ್ರಿಯ ತಂಪೂ ಒಣಗಾಳಿಯೂ ಬೇಕು, ಅದರ ಆಸೆ ಇಲ್ಲಿ ಬಿಡುವುದೇ ಲೇಸು.

ಯಾವುದೇ ಹೊಸ ಜಾತಿಯಾದರೂ ಮೊದಲು ಮೂರೇ ಗಿಡ ತನ್ನಿ. ಒಂದು ಅಡಿಕೆ ತೋಟದ ನೆರಳಿಗೆ, ಒಂದು ಮಾಡಿನಡಿಗೆ, ಇನ್ನೊಂದು ಬಯಲಿಗೆ. ಯಾವುದು ಮಳೆಗಾಲ ದಾಟುತ್ತದೆ ನೋಡಿ. ನೆಡುವ ಮುನ್ನ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಮರುದಿನ ಬೆಳಿಗ್ಗೆಯೂ ನೀರಿದ್ದರೆ ಕೆಳಗೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ) ಇದೆ ಎಂದೇ ತಿಳಿಯಿರಿ. ಅಲ್ಲಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿಯೇ ನೆಡಬೇಕು. ಅಡೀನಿಯಂ ಕುಂಡಕ್ಕೆ ಎರಡು ಪಾಲು ಮುರಕಲ್ಲಿನ ಚೂರು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸೆಗಣಿಗೊಬ್ಬರ ಸಾಕು. ಹೆಲಿಕೋನಿಯಾ, ಟಾರ್ಚ್ ಜಿಂಜರ್‌ಗಳಿಗೆ ಈ ಮಿಶ್ರಣ ಬೇಡ. ತೋಟದ ತೇವ, ಅರೆನೆರಳು, ಸೊಪ್ಪಿನ ಹೊದಿಕೆಯಲ್ಲೇ ಅವು ಸೊಂಪಾಗಿ ಬರುತ್ತವೆ.

ಬುಡಕೊಳೆತಕ್ಕೆ ಅಡಿಕೆಗೆ ಬಳಸುವ ಶೇ 1ರ ಬೋರ್ಡೋ ದ್ರಾವಣವನ್ನೇ ಮಳೆಗೆ ಮೊದಲು ಬುಡಕ್ಕೆ ಹೊಯ್ಯಬಹುದು: 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ. ಎರಡನ್ನೂ ಪ್ಲಾಸ್ಟಿಕ್ ಬಕೆಟಿನಲ್ಲಿ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣದ ನೀರನ್ನು ತುತ್ತಿನ ನೀರಿಗಲ್ಲ. ಈ ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು.

ಚೆನ್ನಾಗಿ ಹಬ್ಬುವ ಗಿಡದ ಬಗ್ಗೆ ಇನ್ನೂ ಎಚ್ಚರ ಬೇಕು. ಅಂದಕ್ಕೆಂದು ತಂದ ಹಳದಿ ಹೂವಿನ ಬಳ್ಳಿ ಸಿಂಗಾಪುರ ಡೈಸಿ ಇಂದು ತೋಡಿನ (ಸಣ್ಣ ಹಳ್ಳದ) ಬದಿಯನ್ನೆಲ್ಲ ಮುಚ್ಚುತ್ತಿದೆ. ಕಿತ್ತ ಬಳ್ಳಿಯನ್ನು ದಯವಿಟ್ಟು ತೋಡಿಗೆ ಎಸೆಯಬೇಡಿ, ಪ್ರತಿ ಗಂಟೂ ಬೇರು ಬಿಡುತ್ತದೆ.

– ಒಬ್ಬ ಕೃಷಿಕ, ಬದಿಯಡ್ಕ