ಜೂನ್ ಒಳಗೆ ನಮ್ಮ ರಂಗಮಂದಿರಕ್ಕೆ ಮಾಡು (ಛಾವಣಿ) ಹೊದಿಸಬೇಕು: ದೇಣಿಗೆಗೂ ಕೆಲಸಕ್ಕೂ ನಿಮ್ಮನ್ನು ಕರೆಯುತ್ತಿದ್ದೇವೆ

ಆತ್ಮೀಯರೇ, ನಮಸ್ಕಾರ.

ಏಪ್ರಿಲ್ ಅರ್ಧ ಮುಗಿಯಿತು. ಇನ್ನು ಒಂದೂವರೆ ತಿಂಗಳಿಗೆ ಮಳೆ ಹಿಡಿಯುತ್ತದೆ. ನಮ್ಮ ರಂಗಮಂದಿರದ ಮಾಡು ಮಾತ್ರ ಈಗಲೂ ಅರ್ಧ ತೆರೆದೇ ಇದೆ. ವೇದಿಕೆಯ ಮೇಲೆ ಸದ್ಯಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದೇವೆ. ಆಷಾಢದ ಗಾಳಿಗೆ ಅದು ಎಷ್ಟು ದಿನ ತಡೆದೀತು ಅಂತ ಕರಾವಳಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಹೇಳಬೇಕಾಗಿಲ್ಲ.

ಕಳೆದ ಮಳೆಗಾಲದಲ್ಲಿ ನಡೆದದ್ದು ಊರಲ್ಲಿದ್ದವರಿಗೆ ಗೊತ್ತೇ ಇದೆ. ಮುಂಬಯಿ, ಹುಬ್ಬಳ್ಳಿ, ಬೆಂಗಳೂರಲ್ಲಿ ಇರುವವರಿಗಾಗಿ ಇನ್ನೊಮ್ಮೆ ಹೇಳುತ್ತೇವೆ. ಎರಡನೇ ಅಂಕದ ತಾಲೀಮು ನಡೆದಿತ್ತು. ಚಾ ಬಂತು ಅಂತ ಎಲ್ಲರೂ ಹಿಂದಿನ ಜಗಲಿಗೆ ಹೋಗಿದ್ದರು. ಅಷ್ಟರಲ್ಲಿ ವೇದಿಕೆಯ ಎಡಗಡೆ ಒರಲೆ ತಿಂದ ಪಕಾಸುಗಳು, ಅಂದರೆ ಮಾಡು ಹೊತ್ತ ಮರದ ತೊಲೆಗಳು ಮುರಿದು, ಹಂಚು ಕೂರಿಸುವ ರೀಪು ಸಮೇತ ಹಂಚೆಲ್ಲ ಕೆಳಗೆ ಬಂತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ರಾತ್ರಿಯಿಡೀ ಸುರಿದ ನೀರು ನೇರವಾಗಿ ಬಣ್ಣದ ಕೋಣೆಗೆ ಹರಿಯಿತು.

ಬೆಳಿಗ್ಗೆ ವೇಷಭೂಷಣದ ಟ್ರಂಕು ತೆಗೆದಾಗ ನಮಗೆಲ್ಲ ಕಣ್ಣಲ್ಲಿ ನೀರು ಬಂತು. ರಾಜನ ಪಾತ್ರದ ಮಖಮಲ್ಲಿನ ನಿಲುವಂಗಿ ಬಣ್ಣ ಬಿಟ್ಟು, ಕೆಳಗಿದ್ದ ಬಿಳಿ ಪಂಚೆಗಳೆಲ್ಲ ಕೆಂಪಾಗಿದ್ದವು. ಜರಿ ಅಂಚು ಕಪ್ಪಾಗಿತ್ತು. ಒಣಗಿಸೋಣ ಅಂದರೆ ಬಿಸಿಲಿಲ್ಲ. ವಾರದೊಳಗೆ ಎಲ್ಲದರ ಮೇಲೂ ಬೂಷ್ಟು. ಕೊನೆಗೆ ನಮ್ಮ ನಾಟಕ ಸಂಘದ ಹೆಣ್ಣುಮಕ್ಕಳು ಬಟ್ಟೆಗಳನ್ನು ಮನೆಮನೆಗೆ ಹಂಚಿಕೊಂಡು ಹೋಗಿ, ಬಚ್ಚಲೊಲೆಯ ಬಿಸಿಗೆ ಹರಡಿ ಒಣಗಿಸಿದರು. ಹಾಗಾಗಿ ಸುಮಾರು ಅರ್ಧ ಉಳಿಯಿತು. ಲೈಟಿನ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಬೋರ್ಡು ಉಳಿಯಲಿಲ್ಲ.

ಮಳೆಗಾಲ ಕಳೆಯಲಿ, ಆಮೇಲೆ ನಿಧಾನಕ್ಕೆ ಮಾಡಿದರಾಯಿತು ಅಂತ ಕೆಲವರು ಹೇಳುತ್ತಾರೆ. ಅವರದ್ದು ಒಳ್ಳೆಯ ಮನಸ್ಸೇ. ಆದರೆ ನಮ್ಮ ನಾಟಕ ಹುಟ್ಟುವುದೇ ಮಳೆಗಾಲದಲ್ಲಿ ಅಲ್ವಾ? ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಗೆ ಹೋಗುವ ನಮ್ಮ ಹುಡುಗರು ಮನೆಯಲ್ಲಿ ಇರುವುದು ಆಗ ಮಾತ್ರ. ಯಕ್ಷಗಾನ ಮೇಳಗಳ ತಿರುಗಾಟವೂ ಮಳೆ ಬರುವ ಹೊತ್ತಿಗೆ ನಿಂತಿರುತ್ತದೆ. ಹಾಗಾಗಿ ಕುಣಿತ ಹೇಳಿಕೊಡುವವರು, ಮದ್ದಳೆ ಬಾರಿಸುವವರು ಸಿಗುತ್ತಾರೆ. ಗದ್ದೆ ನಾಟಿಗೆ ಹೋದವರು ಸಂಜೆ ಕೈಕಾಲು ತೊಳೆದುಕೊಂಡು ತಾಲೀಮಿಗೆ ಬರುತ್ತಾರೆ. ಆ ಎರಡು ತಿಂಗಳು ತಾಲೀಮು ತಪ್ಪಿದರೆ ದೀಪಾವಳಿಗೆ ನಾಟಕ ಇಲ್ಲ. ಕಳೆದ ವರ್ಷ ಇರಲಿಲ್ಲ. ಸಂಘ ಶುರುವಾದ ಮೇಲೆ ಹಾಗೆ ಆಗಿದ್ದು ಅದೇ ಮೊದಲು.

ಎಲ್ಲಕ್ಕಿಂತ ಜಾಸ್ತಿ ನಷ್ಟ ಆಗಿದ್ದು ಮಕ್ಕಳಿಗೆ. ನಮ್ಮ ಮಕ್ಕಳ ತಂಡದಲ್ಲಿ ಅರ್ಧದಷ್ಟು ಜನ ಮೀನುಗಾರರ ಮನೆಯವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ದೋಣಿ ನಿಂತ ದಿನಗಳಲ್ಲಿ ಆ ಮನೆಗಳಲ್ಲಿ ಕಾಸಿಗೂ ಕಷ್ಟ. ಅಂಥ ಮನೆಯಿಂದ ಬರುವ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಮೊದಲ ತಿಂಗಳು ಬಾಯಿಯನ್ನೇ ಬಿಡಲಿಲ್ಲ. ಗುಂಪಿನಲ್ಲಿ ಹಿಂದೆ ನಿಲ್ಲುತ್ತಿದ್ದಳು. ಒಂದು ದಿನ ಪ್ರಾಂಪ್ಟಿಂಗ್ ಮಾಡುವವರು, ಅಂದರೆ ಮಾತು ಮರೆತವರಿಗೆ ಮರೆಯಿಂದ ಹೇಳಿಕೊಡುವವರು ಬರಲಿಲ್ಲ ಅಂತ ಅವಳ ಕೈಗೆ ನಾಟಕದ ಪ್ರತಿ ಕೊಟ್ಟು ವೇದಿಕೆಯ ಪಕ್ಕದ ವಿಂಗಿನಲ್ಲಿ ಕೂರಿಸಿದೆವು. ಪ್ರತಿ ನೋಡದೆಯೇ ಎಲ್ಲರ ಮಾತನ್ನೂ ಹೇಳಿಕೊಟ್ಟಳು! ಮುಂದಿನ ನಾಟಕದಲ್ಲಿ ಅವಳಿಗೇ ಮುಖ್ಯ ಪಾತ್ರ. ಈಗ ಶಾಲೆಯ ಭಾಷಣದಲ್ಲೂ ಅವಳೇ ಮುಂದೆ ಅಂತ ಅವಳ ಅಮ್ಮ ಹೇಳುವಾಗ ನಮಗೆ ಆಗುವ ಖುಷಿಯನ್ನು ಬರೆದು ತಿಳಿಸುವುದು ಕಷ್ಟ.

ನಾವು ಎಂಥ ನೆಲದವರು ಅನ್ನುವುದನ್ನು ಈ ಹೊತ್ತಲ್ಲಿ ನೆನಪಿಸದೆ ಇರಲಾರೆವು. ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗ್ಲಿಯಲ್ಲಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆ ಕೊಟ್ಟದ್ದು ಸಾಂಗ್ಲಿಗೆ ಹೋಗಿ ಆಟ ಆಡಿದ ಕರ್ಕಿ ಮೇಳ. ಕರ್ಕಿ ಅಂದರೆ ನಮ್ಮದೇ ಹೊನ್ನಾವರ ತಾಲೂಕಿನ ಕರ್ಕಿ. ಇವತ್ತಿಗೂ ನವೆಂಬರ್ 5ರಂದು ಮಹಾರಾಷ್ಟ್ರದವರು ರಂಗಭೂಮಿ ದಿನ ಮಾಡುತ್ತಾರೆ. ಕಾರವಾರದಲ್ಲಿ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅಲ್ಲಿ ಬಂದು ಉಳಿದ ರವೀಂದ್ರನಾಥ ಟ್ಯಾಗೋರರು ಆ ಕಡಲ ತೀರದಲ್ಲೇ ಒಂದು ನಾಟಕ ಬರೆದರು. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳವನ್ನು ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ತಾಲೂಕಿಗೆ ತಾಲೂಕೇ ಹಬ್ಬ ಮಾಡಿತು. ಇಂಥವರ ನಡುವೆ ನಾವೂ ಬಣ್ಣ ಹಚ್ಚುತ್ತೇವೆ ಅನ್ನುವ ಹೆಮ್ಮೆ ನಮಗಿದೆ.

ಸಂಬಳ ಇಲ್ಲ, ಸಂಭಾವನೆ ಇಲ್ಲ. ನಮ್ಮ ಹಿರಿಯರು ಚಿರೇಕಲ್ಲು ಹೊತ್ತು ಈ ಗೋಡೆ ಎಬ್ಬಿಸಿದರು. ಹಗಲು ಗಾರೆ ಕೆಲಸ ಮಾಡುವವರು ರಾತ್ರಿ ರಂಗಸಜ್ಜಿಕೆ ಮಾಡಿದರು. ಇಲ್ಲಿ ಪರದೆ ಎಳೆಯುತ್ತಿದ್ದ ಹುಡುಗ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣ ಮುಗಿಸಿ ಬಂದು, ಈಗ ನಮ್ಮ ಮಕ್ಕಳಿಗೆ ಹೇಳಿಕೊಡುತ್ತಿದ್ದಾನೆ. ಜಿಲ್ಲೆಯ ಹೊರಗೂ ಹೋಗಿ ನಾಟಕ ಆಡಿದ್ದೇವೆ, ಬಹುಮಾನ ತಂದಿದ್ದೇವೆ. ಆ ಫಲಕಗಳು ಸದ್ಯ ಕಾರ್ಯದರ್ಶಿಗಳ ಮನೆಯ ಮಂಚದ ಕೆಳಗಿವೆ. ಅವನ್ನು ಇಡಲು ಒಣ ಗೋಡೆ ಇಲ್ಲ.

ಈಗ ಖರ್ಚಿನ ವಿಷಯ. ಪಕಾಸು, ರೀಪು, ಹಂಚು, ಬಡಗಿಯವರ ಕೂಲಿ ಎಲ್ಲ ಸೇರಿ ಸುಮಾರು 7 ಲಕ್ಷ ರೂಪಾಯಿ ಬೇಕು. ವೈರಿಂಗ್ ಮತ್ತು ಲೈಟಿಗೆ ಒಂದೂವರೆ ಲಕ್ಷ. ನಮ್ಮ ಹತ್ತಿರ ಎರಡೂವರೆ ಲಕ್ಷದ ಆಸುಪಾಸು ಕೂಡಿದೆ. ತಗಡು ಹೊದಿಸಿ, ಕಡಿಮೆಯಲ್ಲಿ ಮುಗಿಯುತ್ತದೆ ಅಂತ ಸಲಹೆ ಬಂತು. ವಿಶ್ವಸ್ತರು ಕೂತು ಮಾತಾಡಿ, ಬೇಡ ಅಂದೆವು. ತಗಡಿನ ಮೇಲೆ ನಮ್ಮ ಕಡೆಯ ಮಳೆ ಬಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಮಾತೇ ಕೇಳದಿದ್ದರೆ ತಾಲೀಮು ಹೇಗೆ? ಅದೂ ಅಲ್ಲದೆ ಉಪ್ಪು ಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಹಂಚೇ ಆಗಬೇಕು.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಸಂಘದ ಖಾತೆಯ ವಿವರ ಈ ಪತ್ರ ತಂದುಕೊಟ್ಟ ಸದಸ್ಯರ ಹತ್ತಿರ ಇದೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಸಿಗುತ್ತದೆ. ಆದರೆ 2000 ರೂಪಾಯಿಗಿಂತ ಜಾಸ್ತಿ ಕೊಡುವುದಾದರೆ ನಗದು ಬೇಡ, ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ನಗದಾಗಿ ಕೊಟ್ಟರೆ ಆ ರಿಯಾಯಿತಿ ಇಲ್ಲ. ದುಡ್ಡಿನ ಬದಲು ಮರ ಕೊಡುತ್ತೇವೆ ಅಂದವರಿದ್ದಾರೆ, ಅವರ ಉಪಕಾರ ದೊಡ್ಡದು. ಮನೆ ಬಿಚ್ಚಿಸಿ ಸ್ಲ್ಯಾಬ್ ಹಾಕಿಸಿದವರಲ್ಲಿ ಒಳ್ಳೆಯ ಹಳೇ ಹಂಚು ಇದ್ದರೆ ಅದನ್ನೂ ತಿಳಿಸಿ, ನಾವೇ ಗಾಡಿ ತಂದು ಒಯ್ಯುತ್ತೇವೆ.

ಇನ್ನೊಂದು ಬೇಡಿಕೆ ಇದೆ, ನಮಗೆ ದುಡ್ಡಿನಷ್ಟೇ ಮುಖ್ಯವಾದದ್ದು. ನೀವು ಬನ್ನಿ. "ನನಗೆ ಆ್ಯಕ್ಟಿಂಗ್ ಬರುವುದಿಲ್ಲ" ಅಂತ ತುಂಬ ಜನ ಹಿಂಜರಿಯುತ್ತಾರೆ. ಬಣ್ಣ ಹಚ್ಚಲೇಬೇಕು ಅಂತ ಯಾರು ಹೇಳಿದರು? ಒಂದು ನಾಟಕಕ್ಕೆ ವೇದಿಕೆಯ ಮೇಲೆ ಹತ್ತು ಜನ ಇದ್ದರೆ ಹಿಂದೆ ಇಪ್ಪತ್ತು ಜನ ಬೇಕು. ಇಸ್ತ್ರಿ ಮಾಡುವವರು ಬೇಕು. ಹರಿದದ್ದನ್ನು ಹೊಲಿಯುವವರು ಬೇಕು. ಪ್ರತಿ ಹಿಡಿದು ಕೂರುವವರು, ಕುರ್ಚಿ ಹಾಕುವವರು, ಬಾಗಿಲಲ್ಲಿ ಟಿಕೆಟ್ ಹರಿಯುವವರು, ತಾಯಂದಿರು ಪಾತ್ರ ಮಾಡುವಾಗ ಅವರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಈ ಕೊನೆಯ ಕೆಲಸಕ್ಕೆ ಜನ ಸಿಗದೆ ಒಳ್ಳೊಳ್ಳೆಯ ಕಲಾವಿದೆಯರು ಬಿಟ್ಟು ಹೋಗಿದ್ದಾರೆ. ರಿಟೈರ್ ಆದ ಟೀಚರುಗಳಿಗೆ ನಮ್ಮ ವಿಶೇಷ ಪ್ರಾರ್ಥನೆ. ಮಕ್ಕಳ ಉಚ್ಚಾರ ತಿದ್ದಲು ನಿಮ್ಮಂಥವರು ಇನ್ನೆಲ್ಲಿ ಸಿಗಬೇಕು? ವಾರಕ್ಕೆ ಒಂದು ಸಂಜೆ ಬಂದರೂ ಸಾಕು. ಮೊದಲ ದಿನ ಸುಮ್ನೆ ಬಂದು ಕೂತು ನೋಡಿ, ಚಾ ಕುಡಿಯಿರಿ. ಏನು ಮಾಡಬಹುದು ಅಂತ ಆಮೇಲೆ ಮಾತಾಡೋಣ. ಊರಿಗೆ ಹೊಸದಾಗಿ ಬಂದವರೂ ಸಂಕೋಚ ಪಡಬೇಡಿ. ನಮ್ಮ ಲೈಟಿನ ಜವಾಬ್ದಾರಿ ಹೊತ್ತವರು ಕೆಲಸದ ಮೇಲೆ ಬೇರೆ ಜಿಲ್ಲೆಯಿಂದ ಬಂದವರೇ.

ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಉಳಿದ ಹಂಚು ಇಳಿಸುವ ಕೆಲಸ ಶುರು ಮಾಡುತ್ತೇವೆ. ಮೇಲೆ ಹತ್ತುವುದು ಬಡಗಿಗಳು ಮಾತ್ರ. ಉಳಿದವರು ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸಬೇಕು, ಒಡೆಯದ್ದನ್ನು ಪಾಚಿ ಉಜ್ಜಿ ಜೋಡಿಸಬೇಕು. ಬರುವವರು ಶನಿವಾರ ಸಂಜೆಯೊಳಗೆ ಹೇಳಿದರೆ ಅಡುಗೆಗೆ ಅನುಕೂಲ. ಗಂಜಿ, ಚಟ್ನಿ, ಮಜ್ಜಿಗೆ ಸಂಘದ್ದು.

ನಿಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ವಿಶ್ವಸ್ತರು