ಫಿಲ್ಟರ್ ಮುಚ್ಚಳ ತೆಗೆದು ನೋಡಿದ್ದೀರಾ?

ಮಾನ್ಯ ಸಂಪಾದಕರೇ,

ರಸ್ತೆಯಿಂದ ಹರಿದು ಬರುವ ಮಳೆನೀರನ್ನು ಮರಳಿನಲ್ಲಿ ಸೋಸುವ ಫಿಲ್ಟರ್ ಕಟ್ಟಿಸುವಾಗ ಎಲ್ಲರಿಗೂ ಉತ್ಸಾಹ. ಆಮೇಲೆ ಮುಚ್ಚಳ ತೆಗೆದು ನೋಡುವವರೇ ಇಲ್ಲ. ನಮ್ಮ ವಸತಿ ಸಮುಚ್ಚಯದ ಫಿಲ್ಟರ್ ತೊಟ್ಟಿಯ ಮುಚ್ಚಳವನ್ನು ಇತ್ತೀಚೆಗೆ ತೆಗೆಸಿದೆವು. ಮರಳಿನ ಮೇಲೆ ಕಪ್ಪು ಕೆಸರು ತೊಗಲಿನ ಹಾಗೆ ಹೆಪ್ಪುಗಟ್ಟಿತ್ತು, ಕೋಲಿನಿಂದ ಚುಚ್ಚಿದರೆ ಕೆಳಗಿನ ಮರಳು ಬಹುತೇಕ ಒಣಗಿತ್ತು. ಅಂದರೆ ಇಷ್ಟು ದಿನ ನೀರು ಒಳಗೆ ಇಳಿದೇ ಇಲ್ಲ, ಹೆಚ್ಚಾದ ನೀರಿಗೆಂದು ಮೇಲಿಟ್ಟ ಬೈಪಾಸ್ ಪೈಪಿನಿಂದ ರಸ್ತೆಯ ಎಣ್ಣೆ, ಟೈರಿನ ಪುಡಿ ಎಲ್ಲ ಹೊತ್ತುಕೊಂಡು ಸೀದಾ ಚರಂಡಿಗೆ ಹೋಗಿದೆ. ಹೆಸರಿಗಷ್ಟೇ ಫಿಲ್ಟರ್, ಅಲ್ವಾ?

ಪರೀಕ್ಷೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಜೋರು ಮಳೆ ನಿಂತು 48 ಗಂಟೆ ಕಳೆದರೂ ಮರಳಿನ ಮೇಲೆ ನೀರು ನಿಂತಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ ಎಂದೇ ಲೆಕ್ಕ. ಹಾಗೇ ಬಿಟ್ಟರೆ ಸೊಳ್ಳೆ ಸಂಸಾರ ಹೂಡುತ್ತದೆ. ಜಾಸ್ತಿ ಸಲ ಮೇಲಿನ ಕೆಲವು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆದು, ತೊಳೆದ ಹೊಸ ಮರಳು ಹಾಕಿದರೆ ಸಾಕು. ಆದರೆ ಅದಕ್ಕೂ ಮುಂಚೆ ನೀರು ಬರುವ ಕಡೆಯ ಹೂಳಿನ ಗುಂಡಿ ಖಾಲಿ ಮಾಡಿ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ತೆಗೆದ ಹೂಳನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಅದರಲ್ಲಿ ಸತು, ತಾಮ್ರ, ಎಣ್ಣೆ ಸೇರಿರುತ್ತವೆ.

ಒಂದು ಮಾತು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಮುಚ್ಚಿದ ತೊಟ್ಟಿಗೆ ಯಾರನ್ನೂ ಸುಮ್ನೆ ಇಳಿಸಬೇಡಿ. ಎಲೆ, ಕೆಸರು ಕೊಳೆತು ಒಳಗೆ ವಿಷಗಾಳಿ ತುಂಬಿರಬಹುದು, ಆಮ್ಲಜನಕ ಕಡಿಮೆ ಇರಬಹುದು. ನಮ್ಮಲ್ಲಿ ಕೆಲಸದ ಹುಡುಗನೊಬ್ಬ ಚಪ್ಪಲಿ ಬಿಟ್ಟು ಇಳಿಯಲು ಹೊರಟೇಬಿಟ್ಟಿದ್ದ, ಕೈ ಹಿಡಿದು ನಿಲ್ಲಿಸಿದೆವು. ಗಾಳಿ ಅಳೆಯುವ ಮೀಟರ್ ಇದ್ದ, ತರಬೇತಿ ಪಡೆದವರು ಬಂದದ್ದು ಮರುವಾರ.

— ಒಬ್ಬ ಓದುಗ